ಗ್ಯಾಸ್ ಉಳಿಸಿದ ಬೋರಲಿಂಗ

ಕೇಳ್ರಪ್ಪ, ಒಂದೂರಲ್ಲಿ ಒಬ್ಬಳು ತಾಯಿ, ಅವಳಿಗೊಬ್ಬ ಪೆದ್ದ ಮಗ. ತಾಯಿ ಪುಟ್ಟಗೌರಮ್ಮ, ಮಗ ಬೋರಲಿಂಗ. ಮೀಸೆ ದಪ್ಪಗಾಗಿತ್ತು, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಿಂದ ಇಳಿದಿರಲಿಲ್ಲ. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅವಳಿಗೆ ಅದೇ ಭಯ.

ಪುಟ್ಟಗೌರಮ್ಮ ಊಟದ ಕ್ಯಾರಿಯರ್ ಕಟ್ಟಿಕೊಟ್ಟು ಬದುಕುತ್ತಿದ್ದಳು. ಅಷ್ಟರಲ್ಲಿ ಗ್ಯಾಸಿನ ಬೆಲೆ ಏರಿತು. ಇಳಿಯಬಹುದು ಅಂತ ಕಾದಳು, ಇನ್ನೊಂದು ಸಲ ಏರಿತು. ಊಟದ ಬೆಲೆ ಏರಿಸಿದರೆ ಗಿರಾಕಿ ಓಡುತ್ತಾರೆ, ಏರಿಸದಿದ್ದರೆ ಬಂದದ್ದನ್ನೆಲ್ಲ ಒಲೆಯೇ ತಿನ್ನುತ್ತದೆ. ಕ್ಯಾರಿಯರ್ ನಿಂತರೆ ಇವನಿಗೆ ಅನ್ನ ಹಾಕುವವರು ಯಾರು, ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿಯೇನು? ಆ ಯೋಚನೆಯಲ್ಲೇ ಅವಳಿಗೆ ರಾತ್ರಿಯೆಲ್ಲ ನಿದ್ದೆ ಬರುತ್ತಿರಲಿಲ್ಲ.

ಒಂದು ಬೆಳಗ್ಗೆ ಸಂತೆಗೆ ಹೊರಟವಳು ಹೇಳಿದಳು: "ಬೋರ, ಒಲೆ ಮೇಲೆ ಇಡೋಕೆ ಮುಂಚೆ ಎಲ್ಲಾನೂ ನೀರಲ್ಲಿ ನೆನೆಹಾಕ್ಬೇಕು ಕಣಪ್ಪ. ನೆಂದಿದ್ದು ಬೇಗ ಬೇಯುತ್ತೆ, ಗ್ಯಾಸ್ ಉಳಿಯುತ್ತೆ."

"ಆಯ್ತವ್ವ."

ಅವತ್ತು ಒಲೆ ಮೇಲೆ ಹೋಗಬೇಕಾಗಿದ್ದದ್ದು ಹಪ್ಪಳ. ಅವಳು ಬಂದು ನೋಡಿದರೆ ಬೇಸಿಗೆಯೆಲ್ಲ ಕೂತು ಲಟ್ಟಿಸಿದ ಹಪ್ಪಳ ಬಕೆಟ್ಟಿನಲ್ಲಿ ಗಂಜಿಯಾಗಿದೆ.

"ಅಯ್ಯೋ ಮಂಕೇ, ಹಪ್ಪಳಕ್ಕೆ ಯಾರಾದ್ರೂ ನೀರು ಹಾಕ್ತಾರೇನೋ? ಅದನ್ನ ಬಿಸಿಲಿಗಿಡಬೇಕು. ಬಿಸಿಲೇನು ದುಡ್ಡು ಕೇಳುತ್ತಾ?"

"ಕೇಳಲ್ಲವ್ವ. ಇನ್ಮೇಲೆ ಬಿಸಿಲಿಗೇ ಇಡ್ತೀನಿ."

ಮಾರನೆಯ ದಿನ ಪಕ್ಕದ ಮನೆಯವರು ಕಾಯಿಸಿಕೊಡಿ ಅಂತ ಬೆಣ್ಣೆ ಕಳಿಸಿದರು. ಬೋರಲಿಂಗ ಅದನ್ನು ಮೊರದ ಮೇಲೆ ಹರಡಿ ತಾರಸಿಯಲ್ಲಿಟ್ಟ. ಬೆಣ್ಣೆ ಕರಗಿ, ಮೊರದ ಸಂದಿಯಿಂದ ಸೋರಿ, ಗೋಡೆ ಹಿಡಿದು ಬೀದಿಗಿಳಿಯಿತು. ಅಕ್ಕಪಕ್ಕದ ನಾಯಿಗಳೆಲ್ಲ ಗೋಡೆ ನೆಕ್ಕಿದವು.

"ನನ್ನ ಮಾನ ಕಳೆದ್ಯಲ್ಲೋ," ಅಂದಳು ತಾಯಿ. "ಬೆಣ್ಣೆ, ಹಾಲು, ಅಂಥದ್ದನ್ನೆಲ್ಲ ಪಾತ್ರೆಗೆ ಹಾಕಿ ಬಿಗಿಯಾಗಿ ಮುಚ್ಚಬೇಕು. ಮುಚ್ಚಿ ಕಾಯಿಸಿದ್ರೆ ಗ್ಯಾಸೂ ಉಳಿಯುತ್ತೆ."

"ಬಿಗಿಯಾಗೇ ಮುಚ್ತೀನವ್ವ."

ಮುಚ್ಚಿದ. ಹಾಲಿಗೆ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಗುಂಡುಕಲ್ಲು ಹೇರಿ, ಜಗಲಿಗೆ ಹೋಗಿ ಕೂತ. ಹಾಲು ಉಕ್ಕಿ ಸುರಿದು ಉರಿ ಆರಿತು. ಗ್ಯಾಸ್ ಬುಸ್ಸೆನ್ನುತ್ತಲೇ ಇತ್ತು. ಕ್ಯಾರಿಯರ್ ಕೊಟ್ಟು ಬರುತ್ತಿದ್ದ ಪುಟ್ಟಗೌರಮ್ಮನ ಮೂಗಿಗೆ ಬೀದಿಯ ತುದಿಯಲ್ಲೇ ವಾಸನೆ ಬಡಿಯಿತು. ಓಡಿ ಬಂದು ಒಲೆಯ ಗುಂಡಿ ತಿರುಗಿಸಿ ಗ್ಯಾಸ್ ನಿಲ್ಲಿಸಿ, ಕಿಟಕಿ ಬಾಗಿಲು ತೆರೆದು, ಮಗನ ತಲೆ, ಮೈಕೈ ಮುಟ್ಟಿ ನೋಡಿದಳು. ಆಮೇಲೆ ಅವನ ಎರಡೂ ಕೈ ಹಿಡಿದು ಹೇಳಿದಳು:

"ಇನ್ಮೇಲೆ ಹಾಲಿಟ್ಟ ಒಲೆ ಬಿಟ್ಟು ಕದಲಬೇಡ. ಹಾಲು ಮೇಲೆ ಬಂತೋ, ತಕ್ಷಣ ಆರಿಸು. ಯಾರು ಏನಂದ್ರೂ ಆರಿಸು."

ಅವತ್ತೇ ಅವಳು ನಿರ್ಧಾರ ಮಾಡಿದಳು. ಇವನಿಗೊಂದು ನೆಲೆ ಕಾಣಿಸಲೇಬೇಕು. ಮದುವೆ ಛತ್ರದ ಯಜಮಾನರಾದ ಚಿಕ್ಕೇಗೌಡರ ಹತ್ತಿರ ಹೋಗಿ ಕೈಮುಗಿದಳು.

"ಗೌಡ್ರೇ, ಛತ್ರದಲ್ಲಿ ನೀರು ಕೊಡೋಕೆ ಇವನನ್ನ ಇಟ್ಕೊಳ್ಳಿ. ಹೊಟ್ಟೆಗೆ ಹಾಕಿ, ಮಲಗೋಕೆ ಜಾಗ ಕೊಟ್ರೆ ಸಾಕು."

"ನಾಳೆ ನಮ್ಮ ಹೊಸ ಮನೆ ಗೃಹಪ್ರವೇಶ. ಕರ್ಕೊಂಡ್ ಬಾರಮ್ಮ, ಹೆಂಗೆ ನಡ್ಕೋತಾನೆ ನೋಡೋಣ," ಅಂದರು ಗೌಡರು. ಅವರ ಹೊಸ ಮನೆ ಇವಳ ಮನೆಯ ಹಿಂದಿನ ಬೀದಿಯಲ್ಲೇ ಇತ್ತು.

ಗೃಹಪ್ರವೇಶ ಅಂದಮೇಲೆ ಹಾಲುಕ್ಕಿಸಬೇಕಲ್ಲ. ಹೊಸ ಒಲೆಗೆ ಅರಿಶಿನ ಕುಂಕುಮ ಇಟ್ಟು, ಗೌಡರ ಹೆಂಡತಿ ಜಯಲಕ್ಷ್ಮಮ್ಮ ಹಾಲಿಟ್ಟರು. ನೆಂಟರೆಲ್ಲ ಸುತ್ತ ಸೇರಿದರು. ಎಲ್ಲರ ಕಣ್ಣೂ ಪಾತ್ರೆ ಮೇಲೆ, ಪುಟ್ಟಗೌರಮ್ಮನ ಕಣ್ಣು ಮಗನ ಮೇಲೆ. ಹಾಲು ಅಂಚಿಗೆ ಬಂತು. ಬೋರಲಿಂಗ ನುಗ್ಗಿದವನೇ ಒಲೆ ಆರಿಸಿಬಿಟ್ಟ. ಹಾಲು ತಳಕ್ಕಿಳಿಯಿತು. ಪುರೋಹಿತರ ಮಂತ್ರವೂ ನಿಂತಿತು.

ಮತ್ತೆ ಹಚ್ಚಿದರು. ಮತ್ತೆ ಆರಿಸಿದ. "ಯಾರು ಏನಂದ್ರೂ ಆರಿಸು ಅಂದಿದಾಳೆ ನಮ್ಮವ್ವ," ಅಂದ.

ಪುಟ್ಟಗೌರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಹೂರ್ತ ಮೀರುತ್ತಿದೆ, ಗೌಡರ ಮುಖ ಕೆಂಪಾಗಿದೆ. ಜಯಲಕ್ಷ್ಮಮ್ಮ ಒಳ್ಳೆ ಹೆಂಗಸು. ಅವರೇ ಸಮಾಧಾನವಾಗಿ ಹೇಳಿದರು: "ಇವತ್ತು ಈ ಮನೇಲಿ ಆರಿಸಬಾರದು ಕಣಪ್ಪ. ಉಕ್ಕಬೇಕು. ಎಷ್ಟು ಉಕ್ಕಿದ್ರೆ ಅಷ್ಟು ಒಳ್ಳೇದು."

ತಾಯಿ ಬಂದು ಕಿವಿ ಹಿಂಡಿದಳು. "ಕೇಳಿಸ್ಕೊಂಡ್ಯಾ? ಅಕ್ಕಾವ್ರು ಹೇಳಿದ ಹಾಗೆ ಮಾಡು."

"ಮಾಡ್ತೀನವ್ವ."

ಹಾಲು ಉಕ್ಕಿತು, ಪೂರ್ವಕ್ಕೇ ಸುರಿಯಿತು. ಗೌಡರ ಮುಖ ಅರಳಿತು. "ಹುಡುಗ ಒಂಥರಾ ಇದಾನೆ, ಆದ್ರೆ ಹೇಳಿದ ಮಾತು ಕೇಳ್ತಾನೆ. ನಾಳೆಯಿಂದ ಕಳಿಸಮ್ಮ," ಅಂದರು. ಅವಳಿಗೆ ಅಳು ಬಂತು. ಗ್ಯಾಸಿನ ಬೆಲೆ ಮುಗಿಲು ಮುಟ್ಟಿದರೂ ಮಗನ ಅನ್ನಕ್ಕೆ ದಾರಿಯಾಯಿತು. ದೇವರಿಗೆ ಕೈಮುಗಿದು, ಕಂಬಕ್ಕೊರಗಿ ಪೂಜೆ ನೋಡುತ್ತಾ ಕೂತಳು. ಎಷ್ಟೋ ದಿನದಿಂದ ನಿದ್ದೆ ಕಾಣದ ಜೀವ, ಹಾಗೇ ತೂಕಡಿಸಿಬಿಟ್ಟಿತು.

ಎಚ್ಚರವಾದಾಗ ಮಹಾಮಂಗಳಾರತಿ ನಡೆದಿತ್ತು. ಹಿತ್ತಲಲ್ಲಿ ಊಟ ಬೇಯಿಸುತ್ತಿದ್ದ ಅಡುಗೆಯವರೂ ಒಳಗೆ ಬಂದು ನಿಂತಿದ್ದರು. ಬೋರಲಿಂಗ ಮಾತ್ರ ಇರಲಿಲ್ಲ.

ಹಿತ್ತಲಿಗೆ ಓಡಿದಳು. ಒಲೆಗಳೆಲ್ಲ ಕೆಸರು. ಸಾರು ಕಾಲುವೆಯಾಗಿ ಮೋರಿಗೆ ಹರಿದಿದೆ, ಕೊಪ್ಪರಿಗೆಯ ಪಾಯಸ ಅದರ ಬೆನ್ನಿಗೇ ಹೊರಟಿದೆ. ಬೋರಲಿಂಗ ಉರಿ ದೊಡ್ಡದು ಮಾಡಿ, ಉಕ್ಕುವ ಪಾಯಸಕ್ಕೆ ಕೈಮುಗಿದು ನಿಂತಿದ್ದಾನೆ. ಅವಳ ಹಿಂದೆಯೇ ಬಂದ ಗೌಡರು ಎಲ್ಲ ನೋಡಿದರು. "ನಾಳೆಯಿಂದ ಬೇಡಮ್ಮ," ಅಂದರು.

ಪುಟ್ಟಗೌರಮ್ಮ ಅಲ್ಲೇ ತಲೆ ಮೇಲೆ ಕೈಹೊತ್ತು ಕೂತಳು. ಬೋರಲಿಂಗನಿಗೆ ಅವ್ವನ ಮುಖ ನೋಡಿ ಅಯ್ಯೋ ಅನ್ನಿಸಿತು. ಹತ್ತಿರ ಬಂದು, ಬೆನ್ನು ಸವರಿ, ಮೆಲ್ಲಗೆ ಹೇಳಿದ:

"ಯೋಚ್ನೆ ಮಾಡಬೇಡ ಕಣವ್ವ, ಎಲ್ಲ ಉಕ್ಕುತ್ತೆ. ಇವರ ಗ್ಯಾಸು ಅರ್ಧಕ್ಕೇ ಮುಗಿದೋಯ್ತು. ನಾನೇ ಓಡೋಗಿ ನಮ್ಮನೆ ಸಿಲಿಂಡರ್ ಹೊತ್ಕೊಂಡ್ ಬಂದು ಹಚ್ಚಿದೀನಿ."