ಸಣ್ಣಪ್ಪನ ತೂಕ, ಅಮ್ಮನ ಬೆಲ್ಲ

ಹೂಂಗುಟ್ಟೋರು ಯಾರಪ್ಪ? ನೀನಾ? ಸರಿ. ನಡುವೆ ತೂಕಡಿಸಿದ್ರೆ ಕತೆ ನಿಲ್ಲಿಸಿ ಎಲೆಅಡಿಕೆ ಹಾಕ್ಕೊಂಡು ಕೂರ್ತೀನಿ. ಆಮೇಲೆ ಕಾಲು ಹಿಡಿದ್ರೂ ಹೇಳೋದಿಲ್ಲ.

ಒಂದೂರಲ್ಲಿ ಹೊಂಬಾಳಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಸಣ್ಣಪ್ಪ. ಹೆಸರು ಮಾತ್ರ ಸಣ್ಣ. ಅವನು ಜಗಲಿ ಮೇಲೆ ಕೂತರೆ ಪಕ್ಕದಲ್ಲಿ ಬೆಕ್ಕಿಗೂ ಜಾಗ ಇಲ್ಲ. ಬುದ್ಧಿ? ಅದರ ಮಾತು ಎತ್ತಬೇಡಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಅವನ ರೋಗ.

ಈ ಸಣ್ಣಪ್ಪ ಕೈಗೂಸಾಗಿದ್ದಾಗ ಜ್ವರ ಬಂದು ಕತ್ತು ನಿಲ್ಲದಂಗಾಗಿತ್ತು. ಹೊಂಬಾಳಮ್ಮ ಕಟ್ಟೆಯಮ್ಮನ ಗುಡಿಗೆ ಓಡಿಹೋಗಿ, "ತಾಯೇ, ನನ್ನ ಮಗನ್ನ ಉಳಿಸಿಕೊಡು, ಅವನ ತೂಕದಷ್ಟು ಬೆಲ್ಲ ನಿನಗೆ ಒಪ್ಪಿಸ್ತೀನಿ" ಅಂತ ಹರಕೆ ಹೊತ್ತಳು. ಮಗ ಉಳಿದ. ಆಗಲೇ ತೂಗಿದ್ರೆ ಒಂದು ಬುಟ್ಟಿ ಬೆಲ್ಲಕ್ಕೆ ಮುಗೀತಿತ್ತು. ಈ ವರ್ಷ, ಮುಂದಿನ ವರ್ಷ ಅಂತ ತಳ್ಳಿದಳು. ಆಲೆಮನೇಲಿ ಒಲೆ ಉರಿ ಹಾಕಿ ದುಡಿದು, ಕೂಲಿಗೆ ಕೊಟ್ಟ ಬೆಲ್ಲಾನ ಅಚ್ಚು ಅಚ್ಚಾಗಿ ಕೂಡಿಟ್ಟಳು. ಇವಳು ಒಂದು ಅಚ್ಚು ಕೂಡಿಟ್ಟರೆ ಅವನು ಎರಡು ಅಚ್ಚಿನಷ್ಟು ಊದಿದ. ಹಿಂಗಾದ್ರೆ ಹರಕೆ ತೀರೋದು ಯಾವಾಗ, ನೀವೇ ಹೇಳಿ.

ಕೊನೆಗೆ ಪೂಜಾರಪ್ಪ ಅಂದ, "ಹೊಂಬಾಳಮ್ಮ, ಮಾತು ಕೊಟ್ಟು ಮರೆತರೆ ಅಮ್ಮ ಸುಮ್ಮನಿರೋಳಲ್ಲ. ಈ ಸುಗ್ಗಿ ಹುಣ್ಣಿಮೆಗೆ ತೂಗಿಬಿಡು."

ಹೊಂಬಾಳಮ್ಮ ಮನೆಗೆ ಓಡಿ, ಅಟ್ಟ ಹತ್ತಿ ಕೂಡಿಟ್ಟ ಅಚ್ಚು ಎಣಿಸಿದಳು. ಕೊಟ್ಟ ಮಗನ್ನ ಅಮ್ಮ ವಾಪಸು ಕೇಳಿಬಿಟ್ಟರೆ? ಅಟ್ಟದ ಮೇಲಿನ ಬೆಲ್ಲವಂತೂ ಬೆಳೆಯೋದಿಲ್ಲ. ಮಗನೇ ಕರಗಬೇಕು.

"ಲೋ ಸಣ್ಣ, ಇವತ್ತಿಂದ ಉಣ್ಣೋದು ಕಮ್ಮಿ, ಮೈ ಬಗ್ಗಿಸೋದು ಜಾಸ್ತಿ. ತಿಳೀತಾ? ಮುದ್ದೇನ ಅರ್ಧ ಮಾಡಿ ಉಣ್ಣು" ಅಂತ ಹೇಳಿ ಕೆಲಸಕ್ಕೆ ಹೋದಳು.

ಸಣ್ಣಪ್ಪ ಮುದ್ದೆ ಅರ್ಧ ಮಾಡಿದ. ಈ ಅರ್ಧ ಉಂಡ, ಆ ಅರ್ಧ ಉಂಡ. ಅವ್ವನ ಪಾಲಿನ ಮುದ್ದೆ ಇತ್ತು, ಅದನ್ನೂ ಅರ್ಧ ಮಾಡಿ ಉಂಡ.

ಅವಳು ಬಂದು ನೋಡ್ತಾಳೆ, ಮಡಕೆ ಖಾಲಿ. "ಏನ್ಲಾ ಇದು?"

"ನೀನೇ ಹೇಳಿದ್ಯಲ್ಲವ್ವ, ಅರ್ಧ ಮಾಡಿ ಉಣ್ಣು ಅಂತ."

"ಅಯ್ಯೋ ನನ್ನ ಕರ್ಮವೇ! ಅರ್ಧ ಆಗುತ್ತಲೂ ಬಿಟ್ಟುಬಿಡಬೇಕು ಕಣ್ಲಾ!"

"ಸರಿ ಕಣವ್ವ, ಮುಂದಿನ ಸಲ ಹಂಗೇ ಮಾಡ್ತೀನಿ."

ಮಾರನೇ ದಿನ, "ಬಾವಿಯಿಂದ ನೀರು ಸೇದಿ ಹಾಕು, ತೋಳಿನ ಕೊಬ್ಬು ಇಳೀಲಿ" ಅಂತ ತಾಮ್ರದ ಕೊಡ ಕೊಟ್ಟು ಕಳಿಸಿದಳು. ಸಣ್ಣಪ್ಪ ಸೇದಿದ. ಕೊಡ ಅರ್ಧ ಬಾವಿ ಮೇಲೆ ಬಂತು, ಅರ್ಧ ಆಯ್ತಲ್ಲ ಅಂತ ಬಿಟ್ಟುಬಿಟ್ಟ. ಹಗ್ಗದ ಸಮೇತ ಕೊಡ ದುಡುಂ ಅಂತ ನೀರಿಗೆ ಬಿತ್ತು. ಹೊಂಬಾಳಮ್ಮನ ಮದುವೆಗೆ ತವರಿಂದ ಬಂದ ಕೊಡ ಅದು.

"ನೀನೇ ಹೇಳಿದ್ಯಲ್ಲವ್ವ."

"ನಾನು ಹೇಳಿದ್ದು ಮುದ್ದೆಗೆ ಕಣೋ ಮುಂಡೇದೆ! ಕೈಯಲ್ಲಿ ಹಿಡಿದ ಮೇಲೆ ಪ್ರಾಣ ಹೋದ್ರೂ ಬಿಡಬಾರದು!"

"ಸರಿ ಕಣವ್ವ, ಮುಂದಿನ ಸಲ ಹಂಗೇ ಮಾಡ್ತೀನಿ."

ಅವತ್ತೆಲ್ಲ ಬಾವಿಗಿಳಿದು, ಮುಳುಗಿ ಎದ್ದು, ಮುಳುಗಿ ಎದ್ದು ಕೊಡ ಹುಡುಕಿದ. ಸಿಗಲಿಲ್ಲ. ಮೈ ಮಾತ್ರ ಒಂಚೂರು ಇಳೀತು.

ಆಮೇಲೆ, "ಎಮ್ಮೆ ಹೊಡ್ಕೊಂಡು ಕೆರೆ ಏರಿ ಮೇಲೆ ನಡೆದು ಬಾ" ಅಂದಳು. ಎಮ್ಮೆ ದಾರಿ ತಪ್ಪಿತು, ಇವನು ಬಾಲ ಹಿಡಿದ. ಹಿಡಿದ ಮೇಲೆ ಬಿಡೋ ಹಂಗುಂಟೇ? ಎಮ್ಮೆ ಬೆದರಿ ಕಬ್ಬಿನ ಗದ್ದೆಗೆ ನುಗ್ಗಿತು, ಇವನೂ ನುಗ್ಗಿದ. ಜಾಲಿ ಮುಳ್ಳಲ್ಲಿ ಹಾಯ್ತು, ಇವನೂ ಹಾಯ್ದ. ಕೆರೆಗಿಳಿದು ಕತ್ತಿನವರೆಗೆ ಮುಳುಗಿ ಕೂತ್ಕೊಂತು, ಇವನೂ ಕೂತ. ಸಂಜೆ ಎಮ್ಮೆಗೆ ಹೊಟ್ಟೆ ಹಸೀದೇ ಹೋಗಿದ್ರೆ ಇಬ್ಬರೂ ಇವತ್ತಿಗೂ ಅಲ್ಲೇ ಇರ್ತಿದ್ರು.

ಮೈಯೆಲ್ಲ ಗೀರು, ಸೊಂಟದಲ್ಲಿ ಪಂಚೆ ಇಲ್ಲ. ಹೊಂಬಾಳಮ್ಮ ತಲೆ ಚಚ್ಚಿಕೊಂಡಳು. "ಕೈ ಜಗ್ಗೋ ಹಂಗಾದ್ರೆ ಬಿಟ್ಟು ಮನೆಗೆ ಓಡಿ ಬರಬೇಕು ಕಣ್ಲಾ, ಬಿಟ್ಟು ಓಡಿ ಬರಬೇಕು!"

"ಸರಿ ಕಣವ್ವ, ಮುಂದಿನ ಸಲ ಹಂಗೇ ಮಾಡ್ತೀನಿ."

ಮುಂದಿನ ಸಲ ಏನಾಯ್ತು ಗೊತ್ತಲ್ಲ? ಬೆವರು ಇಳೀಲಿ ಅಂತ ಆಲೆಮನೆಯಿಂದ ಕಬ್ಬಿನ ಹಾಲು ಹೊತ್ತು ತರೋಕೆ ಕಳಿಸಿದಳು. ತುಂಬಿದ ಮಣ್ಣಿನ ಗಡಿಗೆ. ನಾಕು ಮಾರು ಬರೋದ್ರಲ್ಲಿ ಕೈ ಜಗ್ಗಿತು. ಕೈ ಬಿಟ್ಟ, ಓಡಿದ. ನಾಯಿಗಳೆಲ್ಲ ಹಿಂದೆ ಬಿದ್ದವು. ಮನೆವರೆಗೂ ಓಡಿದ.

"ಹಾಲೆಲ್ಲೋ?"

"ನೆಲದ ಮೇಲದೆ ಕಣವ್ವ."

ಹೊಂಬಾಳಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಭಾರ ಆಯ್ತು ಅಂತ ಎತ್ತಿ ಹಾಕ್ತಾರೇನೋ? ಭಾರ ಆದ್ರೆ ಒಂದಿಷ್ಟು ಬಾಯಿಗೆ ಹಾಕ್ಕೊಂಡು ಹಗುರ ಮಾಡ್ಕೋಬೇಕು. ನೆಲದ ಪಾಲಾಗೋದಕ್ಕಿಂತ ಹೊಟ್ಟೆ ಪಾಲು ಮೇಲು."

"ಸರಿ ಕಣವ್ವ, ಮುಂದಿನ ಸಲ ಹಂಗೇ ಮಾಡ್ತೀನಿ."

ಆದ್ರೆ ನೋಡಿ, ಬಾವೀಲಿ ಮುಳುಗಿದ್ದು, ಎಮ್ಮೆ ಎಳೆದಾಡಿದ್ದು, ನಾಯಿ ಅಟ್ಟಿದ್ದು, ಎಲ್ಲ ಸೇರಿ ಸಣ್ಣಪ್ಪ ಕರಗಿಬಿಟ್ಟ. ಉಡಿದಾರ ಜಾರಿ ಮೊಣಕಾಲಿಗೆ ಬಂತು. ಯಾವ ಬುದ್ಧಿವಂತನೂ ಹಂಗೆ ಇಳಿದಿರಲಿಕ್ಕಿಲ್ಲ. ಹೊಂಬಾಳಮ್ಮ ಅವನ ಪಕ್ಕೆ ಮುಟ್ಟಿ ನೋಡಿ, ಎಲುಬು ಕೈಗೆ ಸಿಕ್ಕಿದ್ದಕ್ಕೆ ಖುಷಿಪಟ್ಟಳು.

ಸುಗ್ಗಿ ಹುಣ್ಣಿಮೆ ಬಂತು. ಗುಡಿ ಮುಂದೆ ದೊಡ್ಡ ತಕ್ಕಡಿ ಕಟ್ಟಿದರು. ಒಂದು ತಟ್ಟೇಲಿ ಸಣ್ಣಪ್ಪ, ಇನ್ನೊಂದರಲ್ಲಿ ಬೆಲ್ಲ. ಹೊಂಬಾಳಮ್ಮ ಒಂದೊಂದೇ ಅಚ್ಚು ಇಡ್ತಾ ಹೋದಳು. ಕೊನೇ ಬುಟ್ಟಿ ಬರಿದಾಗೋ ಹೊತ್ತಿಗೆ ಬೆಲ್ಲದ ತಟ್ಟೆ ಮೆಲ್ಲಗೆ ಕೆಳಗೆ ಬಂತು, ಮಗನ ತಟ್ಟೆ ಮೇಲೆ ಹೋಯ್ತು. ಅವಳಿಗೆ ಕಣ್ಣು ತುಂಬಿತು. ಇಷ್ಟು ವರ್ಷ ಎದೆ ಮೇಲೆ ಕೂತಿದ್ದ ಕಲ್ಲು ಇಳೀತು.

"ಬೆಲ್ಲದ ಕಡೆ ಒಂಚೂರು ಭಾರ ಆಯ್ತು" ಅಂದ ಪೂಜಾರಪ್ಪ. "ಇರಲಿ ಬಿಡು, ಅಮ್ಮನಿಗೆ ಜಾಸ್ತಿಯಾದ್ರೆ ತಪ್ಪಿಲ್ಲ. ಎಲ್ಲರೂ ಕಣ್ಣು ಮುಚ್ಚಿ ಕೈಮುಗೀರಿ."

ಎಲ್ಲರೂ ಕಣ್ಣು ಮುಚ್ಚಿದರು. ಗಂಟೆ ಬಾರಿಸ್ತಾ ಇದ್ರು. ಸಣ್ಣಪ್ಪ ಮಾತ್ರ ಬೆಲ್ಲ ನೋಡಿದ. ಭಾರ ಆಯ್ತು ಅಂದ್ರಲ್ಲ? ಬಗ್ಗಿ ಒಂದು ಅಚ್ಚು ಬಾಯಿಗೆ ಹಾಕ್ಕೊಂಡ. ತಕ್ಕಡಿ ಒಂದು ಕಡೆ ನಿಲ್ಲೋದುಂಟೇ? ಉಯ್ಯಾಲೆ ಆಡಿತು. ಬೆಲ್ಲದ ತಟ್ಟೆ ಕೆಳಗೆ ತೂಗಿದಾಗಲೆಲ್ಲ ಇನ್ನೊಂದು ಅಚ್ಚು. ಪೂಜಾರಪ್ಪನದು ಉದ್ದನೆಯ ಮಂಗಳಾರತಿ.

ಕಣ್ಣು ಬಿಟ್ಟು ನೋಡ್ತಾರೆ, ಸಣ್ಣಪ್ಪನ ತಟ್ಟೆ ನೆಲ ಕಚ್ಚಿದೆ. ಬೆಲ್ಲದ ತಟ್ಟೆ ಆಕಾಶ ನೋಡ್ತಿದೆ.

"ಲೋ, ಅಮ್ಮನ ಬೆಲ್ಲ ಎಲ್ಲೋ?" ಅಂದ ಪೂಜಾರಪ್ಪ.

"ಎಲ್ಲೂ ಹೋಗಿಲ್ಲ ಪೂಜಾರಪ್ಪ, ತಕ್ಕಡೀಲೇ ಅದೆ. ಆ ತಟ್ಟೇಲಿತ್ತು, ಈ ತಟ್ಟೆಗೆ ಬಂತು."

ಹೊಂಬಾಳಮ್ಮ ಕೋಲು ಎತ್ತಿದಳು. ಕತ್ತು ನಿಲ್ಲದಿದ್ದ ಕೂಸು ಎದುರಿಗೆ ಬೆರಳು ನೆಕ್ಕುತ್ತಾ ಕೂತಿತ್ತು. ಹೊಡೆಯೋಕೆ ಕೈ ಬರಲಿಲ್ಲ. ಅಲ್ಲೇ ಕುಸಿದು ಅತ್ತಳು. "ಅದು ಅಮ್ಮನದು ಕಣೋ ಸಣ್ಣ. ಅದರಲ್ಲಿ ಒಂದು ಚೂರೂ ಮನೆಗೆ ಬರೋ ಹಂಗಿಲ್ಲ. ಗುಡೀಲೇ ಇರಬೇಕು."

"ಅಷ್ಟೇನಾ? ಅದಕ್ಯಾಕೆ ಅಳ್ತೀಯವ್ವ?" ಅಂತ ಎದ್ದವನೇ ಗುಡಿಯೊಳಗೆ ಹೋಗಿ, ಬೆಲ್ಲ ಗುಡ್ಡೆ ಹಾಕೋಕೆ ಹಾಸಿದ್ದ ಬಾಳೆ ಎಲೆ ಮೇಲೆ ಕೂತುಬಿಟ್ಟ.

ಪೂಜಾರಪ್ಪ ಎಳೆದ, ಏಳಲಿಲ್ಲ. ಊರೋರು ಬೈದ್ರು, ಏಳಲಿಲ್ಲ. ಕಾಲ ಮೇಲೆ ಇರುವೆ ಹತ್ತಿದವು, ಆದ್ರೂ ಏಳಲಿಲ್ಲ. ಸಂಜೆಗೆ ಹೊಂಬಾಳಮ್ಮನ ಕರುಳು ತಡೀಲಿಲ್ಲ, ಬಿಸಿ ಮುದ್ದೆ, ಸೊಪ್ಪಿನ ಸಾರು ತಂದು ಮುಂದಿಟ್ಟಳು. "ಸಾಕು, ಉಣ್ಣಪ್ಪ. ಅರ್ಧ ಅಲ್ಲ, ಪೂರ್ತಿ ಉಣ್ಣು."

ಹುಟ್ಟಿದಾಗಿಂದ ಸಣ್ಣಪ್ಪ ಊಟ ಬೇಡ ಅಂದದ್ದು ಅದೊಂದೇ ಸಲ. ತಟ್ಟೇನ ಆಚೆ ತಳ್ಳಿ ಅಂದ:

"ಬೇಡ ಕಣವ್ವ. ಹರಕೆ ಬೆಲ್ಲಕ್ಕೆ ಮುದ್ದೆ ಬೆರೆಸಿಕೊಟ್ರೆ ಅಮ್ಮ ಒಪ್ತಾಳಾ?"