ದೊರೆ ಕತ್ತೆಯಾದ ದಿನ

ಹತ್ತಿರ ಕುಳಿತು ಕೇಳಿರಿ, ಮಕ್ಕಳೇ. ಸೋಮನಾಳವೆಂಬ ರಾಜ್ಯದಲ್ಲಿ ಬೊಮ್ಮರಸನೆಂಬ ದೊರೆಯಿದ್ದನು. ಅಲ್ಲಿ ವರ್ಷಕ್ಕೊಮ್ಮೆ ಸೋಗಿನ ಮೆರವಣಿಗೆ ಹೊರಡುತ್ತಿತ್ತು. ಕುಂಬಾರರ ಕೇರಿಯವರು ಸೊಳ್ಳೆಗಳಾಗಿ ಬರುವರು. ಅಜ್ಜಿಯರು ಮೀಸೆ ಅಂಟಿಸಿಕೊಂಡು ಜಟ್ಟಿಗಳಾಗಿ ಬರುವರು. ದೊರೆಯೂ ವೇಷ ಹಾಕಬೇಕು. ಯಾವ ವೇಷವೆಂದು ಸರದಿಯ ಕೇರಿಯವರು ಗುಟ್ಟಾಗಿ ನಿರ್ಧರಿಸುವರು. ಹಾಕಿದ ವೇಷದಂತೆಯೇ ಸಂಜೆಯವರೆಗೆ ಬಾಳಬೇಕೆಂಬುದು ಕಟ್ಟಳೆ.

ಆ ವರ್ಷ ಮಡಿವಾಳರ ಕೇರಿಯ ಸರದಿ. ಆ ಕೇರಿಯವರು ದುಃಖದಲ್ಲಿದ್ದರು. ಅವರು ಬಟ್ಟೆ ಒಗೆಯುವ ಕೆರೆಗೆ ದಳವಾಯಿ ಕಸ್ತೂರಯ್ಯನು ತನ್ನ ಹೂದೋಟಕ್ಕೆಂದು ಬೇಲಿ ಹಾಕಿಸಿದ್ದನು. "ದೊರೆಗಳ ಅಪ್ಪಣೆ" ಎಂದಿದ್ದನು. ನೀರಿಗಾಗಿ ಅವರು ಗುಡ್ಡದಾಚೆಗೆ ಹೊರೆ ಹೊರಬೇಕಾಯಿತು.

ಕೇರಿಯ ಹಿರಿಯಳಾದ ಮಾಚವ್ವ ದೂರು ಹೇಳಲು ಅರಮನೆಗೆ ಹೋದಳು. ದಳವಾಯಿ ಬಾಗಿಲಲ್ಲೇ ತಡೆದು, "ದೊರೆಗಳು ಉಣ್ಣುತ್ತಿದ್ದಾರೆ" ಎಂದನು. ಮತ್ತೆ ಹೋದಳು. "ಮಲಗಿದ್ದಾರೆ" ಎಂದನು. ಮೂರನೆಯ ಸಲವೂ ಹೋದಳು. "ಈಗ ತಾನೇ ಎದ್ದು ಆಕಳಿಸುತ್ತಿದ್ದಾರೆ" ಎಂದನು.

ಮೆರವಣಿಗೆಯ ದಿನ ಬಂತು. ಮಾಚವ್ವ ದೊರೆಗೆ ಕತ್ತೆಯ ಮುಖವಾಡ ಕಟ್ಟಿ, ಬೂದು ಕಂಬಳಿ ಹೊದಿಸಿ, ಬೆನ್ನಿನ ಮೇಲೆ ಅರಮನೆಯದೇ ಬಟ್ಟೆಯ ಮೂಟೆ ಹೇರಿದಳು.

"ತುಂಬ ಭಾರವಮ್ಮ" ಎಂದನು ದೊರೆ.

"ನಮ್ಮ ಕತ್ತೆಗಳು ಮಾತಾಡುವುದಿಲ್ಲ, ಬುದ್ಧಿ" ಎಂದಳು ಮಾಚವ್ವ.

ಸೊಳ್ಳೆಗಳು ಗುಂಯ್‌ಗುಟ್ಟಿದವು. ಮೀಸೆಯ ಅಜ್ಜಿಯರು ತೊಡೆ ತಟ್ಟಿದರು. ಕತ್ತೆ ಮಾತ್ರ ಏದುಸಿರು ಬಿಡುತ್ತ ಮಾಚವ್ವನ ಹಿಂದೆ ಕೆರೆಯ ಬಳಿಗೆ ಬಂತು. ದಳವಾಯಿ ಮೆರವಣಿಗೆಗೆ ಹೋಗದೆ ಬೇಲಿ ಕಾಯುತ್ತಿದ್ದನು. ಕೇರಿಯವರಲ್ಲೇ ಯಾರೋ ಕತ್ತೆಯಾಗಿದ್ದಾರೆಂದು ಬಗೆದನು.

"ಸ್ವಾಮಿ, ಈ ಕೆರೆಯನ್ನು ದೊರೆಗಳೇ ತಮಗೆ ಕೊಟ್ಟರೇ?" ಎಂದು ಮಾಚವ್ವ ಕೇಳಿದಳು.

ದಳವಾಯಿ ನಕ್ಕನು. "ಅವನಿಗೆ ಕೆರೆ ಎಲ್ಲಿದೆಯೆಂದೇ ತಿಳಿಯದು. ಪಾಳುಬಿದ್ದಿದೆ, ನನಗಿರಲಿ ಎಂದೆ, ಹೂಂ ಎಂದು ತಲೆಯಾಡಿಸಿದ. ನಿನ್ನ ಕತ್ತೆಗಾದರೂ ದಾರಿ ಗೊತ್ತು."

ಕತ್ತೆ ಮುಖವಾಡ ಕಳಚಿತು. "ನನಗೂ ಈಗ ಗೊತ್ತಾಯಿತು, ಕಸ್ತೂರಯ್ಯ" ಎಂದಿತು.

ಕಟ್ಟಳೆ ಮುರಿದುದಕ್ಕಾಗಿ ದೊರೆ ಮೊದಲು ಮಾಚವ್ವನ ಕ್ಷಮೆ ಕೇಳಿದನು. ಬಳಿಕ ದಳವಾಯಿಯ ಕೈಯಿಂದಲೇ ಬೇಲಿ ಕೀಳಿಸಿದನು. ಅಧಿಕಾರ ಕಿತ್ತುಕೊಂಡು, ಒಂದು ವರ್ಷ ಕೇರಿಯವರೊಡನೆ ಬಟ್ಟೆಯ ಹೊರೆ ಹೊರಲು ನೇಮಿಸಿದನು.

ಮಾಚವ್ವ ದಳವಾಯಿಯ ಹೆಗಲು ನೋಡಿದಳು. "ಇದು ಹೊರೆ ಕಂಡ ಹೆಗಲಲ್ಲ, ಪಾಪ. ಮೊದಲು ಹರಳೆಣ್ಣೆ ಹಚ್ಚಿಕೊಳ್ಳಿ" ಎಂದು ಗಿಂಡಿಯನ್ನು ಮುಂದಿಟ್ಟಳು.

ಆದುದರಿಂದ ಮಕ್ಕಳೇ, ದುಡಿಯುವವರ ನೀರನ್ನು ಕಸಿದವನು ಒಂದು ದಿನ ಅವರ ಮುಂದೆಯೇ ತಲೆ ತಗ್ಗಿಸುತ್ತಾನೆ. ಆಳುವವನಾದರೋ, ಅವರ ಹೊರೆಯನ್ನು ಒಮ್ಮೆ ತಾನೇ ಹೊತ್ತು ನೋಡಿ ಅಪ್ಪಣೆ ಕೊಡಬೇಕು.