ಕೈಮುಗಿಯದ ಅರ್ಜಿ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ, ಒಂದೂರಲ್ಲಿ ಫಕೀರಯ್ಯ ಅಂತ ಒಬ್ಬನಿದ್ದನಂತೆ. ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕೂತು ಊರವರ ಅರ್ಜಿಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಡುತ್ತಿದ್ದನಂತೆ. ಅವನ ಅರ್ಜಿ ಓದಿ ಒಬ್ಬ ಬಿಳಿ ದೊರೆ ಊಟ ಬಿಟ್ಟನಂತೆ, ಇನ್ನೊಬ್ಬ ಊರನ್ನೇ ಬಿಟ್ಟನಂತೆ. ಇಂಗ್ಲಿಷು ಕಲಿತದ್ದೆಲ್ಲಿ? ಪಾದ್ರಿಯ ಹತ್ತಿರ ಅಂತ ಕೆಲವರು, ದೊರೆಯ ಅಡುಗೆಮನೆಯಲ್ಲಿ ಅಂತ ಕೆಲವರು. ದೊರೆಯ ಉಪ್ಪು ತಿಂದ ನಾಲಿಗೆ ನಮ್ಮ ಪರವಾಗಿ ಹೊರಳೀತೇ ಅಂತ ಎಲ್ಲರಿಗೂ ಒಳಗೊಳಗೇ ಗುಮಾನಿ.

ಎಲ್ಲರಿಗಿಂತ ಹೆಚ್ಚು ಗುಮಾನಿ ಕುಂಬಾರ ಓಣಿಯ ಹಿರಿಯಳು ಗಿರಿಯವ್ವನಿಗೆ. ಅಂಗಡಿಯವನು ತಕ್ಕಡಿ ಎತ್ತಿದರೆ ಅವಳು ತಕ್ಕಡಿ ನೋಡುತ್ತಿರಲಿಲ್ಲ, ಅವನ ಬೆರಳು ನೋಡುತ್ತಿದ್ದಳು. ಅಂಥವಳ ಓಣಿಗೇ ಕಷ್ಟ ಬಂತು. ಕೆರೆಯಂಗಳದಲ್ಲಿ ಯಾರೂ ಮಣ್ಣು ತೆಗೆಯಕೂಡದು ಅಂತ ದೊರೆ ಅಪ್ಪಣೆ ಹೊರಡಿಸಿದ. ಮಣ್ಣಿಲ್ಲದೆ ಗಡಿಗೆಯಿಲ್ಲ, ಗಡಿಗೆಯಿಲ್ಲದೆ ಗಂಜಿಯಿಲ್ಲ. ಬೇರೆ ದಾರಿ ಕಾಣದೆ ಗಿರಿಯವ್ವ ಓಣಿಯವರನ್ನು ಕರಕೊಂಡು ಬೇವಿನ ಮರದ ಹತ್ತಿರ ಹೋದಳು.

ಫಕೀರಯ್ಯನದು ಒಂದು ಪದ್ಧತಿ ಇತ್ತಂತೆ. ಬರೆದದ್ದನ್ನು ಮೊದಲು ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದುವನು. ಕೇಳುವವರಿಗೆ ಮಾತಿನ ಜಾತಿ ತಿಳಿಯಲಿ ಅಂತ ಓದುತ್ತಾ ಕೈ ತೋರಿಸುವನು. ಇದ್ದದ್ದು ಹೇಳುವ ಮಾತಾದರೆ ಅಂಗೈ ನೆಲಕ್ಕೆ. ಪ್ರಶ್ನೆ ಕೇಳುವ ಮಾತಾದರೆ ಅಂಗೈ ಮೇಲಕ್ಕೆ. ಅಪ್ಪಣೆಯಾದರೆ ಬೆರಳು ಮುಂದಕ್ಕೆ. ಅಯ್ಯೋ ಅನ್ನುವ ಮಾತಿಗೆ ಎದೆಯ ಮೇಲೆ ಕೈ, ಬೇಡುವ ಮಾತಿಗೆ ಎರಡೂ ಕೈ ಜೋಡಿಸುವನು.

ಗಿರಿಯವ್ವ ಮುಂಜಾನೆಯಿಡೀ ಅತ್ತು ಹೇಳಿದ್ದಳು, ಗಡಿಗೆ ಸುಡುವ ಆವಿಗೆ ತಣ್ಣಗಾದ ಕಥೆ, ಬಾಣಂತಿ ಸೊಸೆಯ ಕಥೆ. ಅವನು ಓದಿದ್ದು ಮೂರೇ ಸಾಲು. ಮೂರಕ್ಕೂ ಅಂಗೈ ಮೇಲಕ್ಕೆ. ಕೈ ಒಮ್ಮೆಯೂ ಎದೆಗೆ ಹೋಗಲಿಲ್ಲ, ಒಮ್ಮೆಯೂ ಮುಗಿಯಲಿಲ್ಲ.

"ದೊರೀಗೆ ಪ್ರಶ್ನಿ ಕೇಳ್ತಾನಲ್ಲೋ ಇಂವ! ಓಣಿ ಮುಳುಗಸಾಕ ನಿಂತಾನ," ಅಂತ ಅವಳು ಎದ್ದೇಬಿಟ್ಟಳು. ಕುಂದ್ರು, ಅರ್ಥ ಹೇಳ್ತೀನಿ ಅಂದ ಫಕೀರಯ್ಯ.

"ನೀ ಹೇಳೋ ಅರ್ಥಾನೂ ನಿಂದಾ ಅಲ್ಲೇನು?" ಅಂದಳಂತೆ ಗಿರಿಯವ್ವ.

ಅವಳು ನೆಟ್ಟಗೆ ಕಚೇರಿಯೊಳಗಿನ ಒಬ್ಬ ಗುಮಾಸ್ತನ ಹತ್ತಿರ ಹೋದಳು. ಅವನು ಉದ್ದಾನುದ್ದ ಬರೆದ. ತಾವು ದೇವರು ಅಂದ, ನಾವು ಧೂಳು ಅಂದ, ಕ್ಷಮಿಸಿ ಅಂದ, ಮತ್ತೆ ಮತ್ತೆ ಕ್ಷಮಿಸಿ ಅಂದ. ಸಾಲುಸಾಲಿಗೂ ಕೈಮುಗಿದ. ಗಿರಿಯವ್ವನ ಹೊಟ್ಟೆ ತಣ್ಣಗಾಯಿತು, ಓಣಿಯವರೆಲ್ಲ ಹೆಬ್ಬೆಟ್ಟು ಒತ್ತಿದರು.

ದೊರೆ ಅದನ್ನು ಓದಿ, ಇಷ್ಟು ಸಲ ಕ್ಷಮೆ ಕೇಳಬೇಕಾದರೆ ಇವರು ಕಳ್ಳರೇ ಇರಬೇಕು ಅಂದನಂತೆ. ಕೆರೆಯ ಏರಿಯ ಮೇಲೆ ಕಾವಲು ಕೂರಿಸಿದ. ಅಲ್ಲಿಯವರೆಗೆ ಕದ್ದುಮುಚ್ಚಿ ತರುತ್ತಿದ್ದ ಒಂದು ಬುಟ್ಟಿ ಮಣ್ಣೂ ನಿಂತಿತು. ಬಾಣಂತಿಯ ಎದೆಹಾಲು ಬತ್ತಿತು. ಇಡೀ ಓಣಿ ಗಿರಿಯವ್ವನ ಮುಖ ನೋಡಿತು. ನಾಚಿಕೆಯಿಂದ ಅವಳಿಗೆ ಸಾಯುವ ಹಾಗಾಯಿತು.

ಮತ್ತೆ ಬೇವಿನ ಮರ. ಫಕೀರಯ್ಯ ಬೈಯಲಿಲ್ಲವಂತೆ. ಬೇಡಿದರೆ ಕೊಡುವುದೂ ಬಿಡುವುದೂ ದೊರೆಯ ಮರ್ಜಿ, ಕೇಳಿದರೆ ಉತ್ತರ ಅವನ ಬಾಯಿಂದಲೇ ಬರಬೇಕು ಅಂದನಂತೆ. ಆಮೇಲೆ ತನ್ನ ಮೂರು ಸಾಲು ಕನ್ನಡದಲ್ಲಿ ಹೇಳಿದ. ತಾವು ಈಗ ಕುಡಿದ ನೀರು ಯಾವುದರಲ್ಲಿ ತಣ್ಣಗಾಯಿತು? ಆ ಹೂಜಿ ಯಾವುದರಿಂದ ಆಯಿತು? ಆ ಮಣ್ಣು ಎಲ್ಲಿಂದ ಬಂತು?

"ಬರದದ್ದು ಇದಾ ಅಂತ ಹೆಂಗ ನಂಬ್ಲಿ?" ಅಂದಳು ಗಿರಿಯವ್ವ.

"ನಂಬಬ್ಯಾಡಬೇ. ಕಲಿ," ಅಂದ ಫಕೀರಯ್ಯ.

ಕಲಿಯುವಷ್ಟು ಹೊತ್ತು ಹಸಿದ ಕೂಸು ಕಾಯುತ್ತದೆಯೇ? ಅವಳು ಕಣ್ಣುಮುಚ್ಚಿ ಹೆಬ್ಬೆಟ್ಟು ಒತ್ತಿದಳು. ದೊರೆ ಓದಿದನಂತೆ, ಓದಿ ಮೂಲೆಯ ಹೂಜಿ ನೋಡಿದನಂತೆ. ಬೆಳಗಾಗುವುದರೊಳಗೆ ಏರಿಯ ಮೇಲಿನ ಕಾವಲು ಎದ್ದಿತ್ತು, ಅಪ್ಪಣೆಯೂ ರದ್ದಾಗಿತ್ತು.

ಓಣಿ ಕುಣಿಯಿತು. ಗಿರಿಯವ್ವ ಕುಣಿಯಲಿಲ್ಲ. ಮೊದಲ ಅಪ್ಪಣೆಯನ್ನೂ ಇವನೇ ಬರೆದುಕೊಟ್ಟಿದ್ದರೆ? ಎರಡೂ ಕಡೆ ಉಣ್ಣುವವನಾಗಿದ್ದರೆ? ಹೌದು ಅಂತ ಇವತ್ತಿಗೂ ಹೇಳುವವರಿದ್ದಾರೆ, ದೇವರೇ ಬಲ್ಲ. ಅವಳು ಮೊಮ್ಮಗಳು ನೀಲವ್ವನನ್ನು ಕರೆದು, ಇವನ ಹತ್ತಿರ ಇಂಗ್ಲಿಷು ಕಲಿ, ಕಲಿತು ಇವನ ಕಳ್ಳತನ ಹಿಡಿ ಅಂತ ಮರದ ಕೆಳಗೆ ಕೂರಿಸಿದಳು. ಯಾಕೆ ಬಂದಿದ್ದಾಳೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದಕ್ಷರ ಬಚ್ಚಿಡದೆ ಕಲಿಸಿದನಂತೆ.

ಇವತ್ತಿಗೂ ಆ ಓಣಿಯಲ್ಲಿ ಬ್ಯಾಂಕಿನ ಕಾಗದವಿರಲಿ, ಹೊಲದ ಕಾಗದವಿರಲಿ, ಮನೆಯ ಹೆಣ್ಣುಮಗಳೊಬ್ಬಳು ಗಟ್ಟಿಯಾಗಿ ಓದಿ ಅರ್ಥ ಹೇಳುವ ತನಕ ಯಾರೂ ಸಹಿ ಮಾಡುವುದಿಲ್ಲ. ಕಾಗದ ತಂದವರು ಮುಖ ಸಿಂಡರಿಸಿ, ನಮ್ಮ ಮೇಲೆ ಅಷ್ಟೂ ನಂಬಿಕೆ ಇಲ್ಲವೇ ಅಂತ ಕೇಳಿದರೆ, ಓಣಿಯ ಮುದುಕಿಯರು ಅಭಿಮಾನದಿಂದ ಹೇಳುತ್ತಾರೆ: "ನಮಗ ಫಕೀರಯ್ಯನ ಮ್ಯಾಲೂ ಇರಲಿಲ್ಲರೀ."